ಹಗ್ಗದ ಮೇಲೆ ನಿಂತ ಭತ್ತದ ಬುಡ

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯ ಹಳೆಯ ಬೇಸಾಯಗಾರರಲ್ಲಿ ಎಕರೆಗೆ ಎಷ್ಟು ಭತ್ತ ಎಂದು ಕೇಳಿ ನೋಡಿ. ಬೈಲಿನಲ್ಲೋ, ಮಜಲಿನಲ್ಲೋ, ಬೆಟ್ಟಿನಲ್ಲೋ ಎಂದು ಅವರೇ ತಿರುಗಿ ಕೇಳುತ್ತಾರೆ. ನೀರಿನ ಬೈಲನ್ನೂ ನಡುವಿನ ಮಜಲನ್ನೂ ಮಳೆಯನ್ನೇ ನಂಬಿದ ಬೆಟ್ಟುಗದ್ದೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಬಾರದು. ಬೇರೆ ಬೇರೆ ವಿಂಗಡಿಸಿ, ಒಂದೊಂದರಿಂದ ಕೆಲವೇ ಗದ್ದೆ ಆರಿಸಿ ಕೊಯ್ದು ತೂಗಿ, ಅದರಿಂದ ಇಡೀ ಊರಿನ ಬೆಳೆ ಅಂದಾಜು ಮಾಡಬೇಕು. ಸಂಖ್ಯಾಶಾಸ್ತ್ರ ಇದಕ್ಕೆ ‘ಸ್ತರೀಕೃತ ಮಾದರಿ’ ಎನ್ನುತ್ತದೆ. ಹೆಸರಷ್ಟೇ ಹೆದರಿಸುವಂಥದ್ದು.

ಆದರೆ ಬೈಲಿನೊಳಗೆ ಯಾವ ಗದ್ದೆ? ಅದನ್ನು ಮನುಷ್ಯ ಆರಿಸಬಾರದು, ಚೀಟಿ ಎತ್ತಬೇಕು. ಪಂಡಿತರು ಮೊದಲು ಮಾದರಿಯನ್ನೇ ಸುಲಭಕ್ಕೆ ಒಪ್ಪಲಿಲ್ಲ, ಚೀಟಿ ಆಮೇಲಿನ ಮಾತು. ಎಲ್ಲರನ್ನೂ ಎಣಿಸದೆ ಒಂದು ಭಾಗದಿಂದಲೇ ಇಡೀ ದೇಶವನ್ನು ತಿಳಿಯಬಹುದೆಂದು ನಾರ್ವೆಯ ಸಂಖ್ಯಾಶಾಸ್ತ್ರಜ್ಞ ಕೀಯರ್ 1895ರಲ್ಲಿ ಹೇಳಿದಾಗ ವಿರೋಧವೇ ಎದುರಾಯಿತು. ಮುಂದೆ ಇಟಲಿಯ ಜಿನಿ ಮತ್ತು ಗಾಲ್ವಾನಿ 214 ಜಿಲ್ಲೆಗಳಿಂದ ದೇಶದ ಸರಾಸರಿಗೆ ಹೊಂದುವ 29ನ್ನು ಹುಡುಕಿ ತೆಗೆದರು. ಹೊಂದಿಸಿದ ಸರಾಸರಿಗಳು ಹೊಂದಿದವು, ಉಳಿದವು ಕೈಕೊಟ್ಟವು. 1934ರಲ್ಲಿ ಸಂಖ್ಯಾಶಾಸ್ತ್ರಜ್ಞ ನೇಮನ್, ಚೀಟಿ ಎತ್ತುವುದೇ ಮೇಲೆಂದು ತೋರಿಸಿ, ಈ ಆರಿಸುವ ಚಟಕ್ಕೇ ಪೆಟ್ಟು ಕೊಟ್ಟರು.

ನಮ್ಮಲ್ಲಿ ಬ್ರಿಟಿಷರ ಕಾಲದ ಬೆಳೆ ಅಂದಾಜು ಕಣ್ಣಳತೆಯದು: ಈ ವರ್ಷ ಇಷ್ಟಾಣೆ ಬೆಳೆ, ಮುಗಿಯಿತು. 1920ರ ದಶಕದಲ್ಲಿ ಬಿಹಾರ-ಒರಿಸ್ಸಾದಲ್ಲಿ ಹಬಕ್ ಎಂಬ ಅಧಿಕಾರಿ ಚೀಟಿ ಎತ್ತಿದ ಹಾಗೆ ಆರಿಸಿದ ಗದ್ದೆಯ ತುಂಡುಗಳಲ್ಲಿ ಭತ್ತ ಕೊಯ್ಸಿ ತೂಗಿದರು. 1937ರಿಂದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಬಂಗಾಳದ ಸೆಣಬಿಗೆ ಮಾದರಿ ಸಮೀಕ್ಷೆ ಹೂಡಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಬಂತು.

ಚೀಟಿ ಎತ್ತಿದ ಮೇಲೂ ಕೈ ಸುಮ್ಮನಿರುವುದಿಲ್ಲ. ಕೊಯ್ಯಬೇಕಾದ ತುಂಡಿನ ಸುತ್ತ ಗೂಟ ಹೊಡೆದು ಹಗ್ಗ ಎಳೆದಾಗ “ಇದೂ ಸೇರಲಿ ಮಾರಾಯ್ರೇ, ತೆನೆ ಚಂದ ಉಂಟು” ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಹಗ್ಗದ ಮೇಲಿನ ಬುಡಗಳೆಲ್ಲ ಒಳಗೆ ಬಂದರೆ ಇಳುವರಿ ಉಬ್ಬುತ್ತದೆ. ಸಣ್ಣ ತುಂಡಿನಲ್ಲಿ ಈ ತಪ್ಪು ದೊಡ್ಡದಾಗುತ್ತದೆ ಎಂಬುದು ಮಹಲನೋಬಿಸರ ಸಣ್ಣ ತುಂಡುಗಳ ಬಗ್ಗೆ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆ ಎತ್ತಿದ ತಕರಾರು. ಲೆಕ್ಕ ಸರಳ. 1 ಮೀಟರ್ ಚೌಕಕ್ಕೆ ಅಂಚು 4 ಮೀಟರ್, ವಿಸ್ತೀರ್ಣ 1 ಚದರ ಮೀಟರ್. 5 ಮೀಟರ್ ಚೌಕಕ್ಕೆ ಅಂಚು 20 ಮೀಟರ್, ವಿಸ್ತೀರ್ಣ 25. ಅಂದರೆ ಚದರ ಮೀಟರಿಗೆ ಬರುವ ಅಂಚು 4ರಿಂದ 0.8ಕ್ಕೆ ಇಳಿಯಿತು. ಭತ್ತದ ಕೊಯ್ಲು ಪ್ರಯೋಗಕ್ಕೆ ಇಂದು ಸಾಮಾನ್ಯವಾಗಿ ಬಳಸುವುದು ಈ 5 ಮೀಟರ್ ಚೌಕವನ್ನೇ.

ಮಾದರಿ ಸಮೀಕ್ಷೆ ಕಲಿಯುವ ನಮ್ಮ ಮಕ್ಕಳು ಸೂತ್ರದಿಂದ ಶುರುಮಾಡುತ್ತಾರೆ. ನನ್ನ ಕೈಯಲ್ಲಿದ್ದರೆ ಮೊದಲ ದಿನ ನಾಲ್ಕು ಗೂಟ, ಒಂದು ಹಗ್ಗ ಕೊಟ್ಟು ಗದ್ದೆಗೆ ಇಳಿಸುತ್ತಿದ್ದೆ.