ಡ್ರಿಪ್ ಹಾಕುವ ಮೊದಲೇ ಬರುವ ವಾಂತಿ

"ಡಾಕ್ಟ್ರೇ, ಗಾಂಜಾ ಎಣ್ಣೆ ಕೊಟ್ರೆ ವಾಂತಿ ನಿಲ್ತದಂತಲ್ರೀ?" ದಾವಣಗೆರೆಯ ನನ್ನ ಕ್ಯಾನ್ಸರ್ ಓಪಿಡಿಯಲ್ಲಿ ಈ ಪ್ರಶ್ನೆ ಈಗ ಜಾಸ್ತಿಯಾಗಿದೆ. ಕೇಳುವವರು ಹೆಚ್ಚಾಗಿ ರೋಗಿಯ ಮಕ್ಕಳು. ಕೈಯಲ್ಲಿ ಮೊಬೈಲ್, ಅದರಲ್ಲೊಂದು ವಿಡಿಯೊ.

ಕೇಳುವುದು ತಪ್ಪಲ್ಲ. ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿಯನ್ನು ಲ್ಯಾಬಿನಲ್ಲಿ ತಯಾರಿಸಿದ ಡ್ರೊನಾಬಿನಾಲ್, ಅದನ್ನೇ ಹೋಲುವ ನ್ಯಾಬಿಲೋನ್, ಇವೆರಡಕ್ಕೂ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಿಯಿಂದ ಆಗುವ ವಾಂತಿಗೆ, ಅದೂ ಬೇರೆ ಔಷಧಿಗಳು ನಾಟದಿದ್ದಾಗ. ಡ್ರಿಪ್ ಹಾಕುವ ಮೊದಲೇ ಬರುವ ವಾಕರಿಕೆಯ ದಾರಿಯೇ ಬೇರೆ. ಅದಕ್ಕೆ ಇವು ಉಪಯೋಗವಾಗಬಹುದು ಅನ್ನುವ ಸುಳಿವು ಇಲಿಗಳ ಪ್ರಯೋಗದಲ್ಲಿ ಸಿಕ್ಕಿದೆ. ಮನುಷ್ಯರಲ್ಲಿ ಗಟ್ಟಿ ಪುರಾವೆ ಇನ್ನೂ ಇಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲ ಕೀಮೋದಲ್ಲಿ ಜೋರು ವಾಂತಿಯಾಯಿತು ಅಂದುಕೊಳ್ಳಿ. ಆ ಹೊತ್ತಿನ ಸ್ಪಿರಿಟ್ ವಾಸನೆ, ಬಾಟಲಿಯ ಕೆಂಪು ಔಷಧಿ, ಸಿಸ್ಟರ್ ದನಿ, ಎಲ್ಲವನ್ನೂ ಮಿದುಳು ವಾಂತಿಯ ಜೊತೆ ಗಂಟು ಹಾಕಿಬಿಡುತ್ತದೆ. ಮೂರನೇ ಸಲಕ್ಕೆ ಔಷಧಿಯೇ ಬೇಕಿಲ್ಲ, ವಾಸನೆ ಸಾಕು. ವಿಜ್ಞಾನಿ ಪಾವ್ಲೋವ್‌ನ ನಾಯಿ, ಊಟದ ಜೊತೆ ಕೇಳಿ ರೂಢಿಯಾದ ಸದ್ದು ಕೇಳಿದರೆ ಸಾಕು, ಜೊಲ್ಲು ಸುರಿಸುತ್ತಿತ್ತಲ್ಲ, ಹಾಗೆ. ರೋಗಿ ಬೇಕಂತ ಮಾಡುತ್ತಿಲ್ಲ, ದಯವಿಟ್ಟು ಗದರಬೇಡಿ. ಹೀಗೆ ಗಂಟು ಬಿದ್ದ ಮೇಲೆ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಾತ್ರೆಯೂ ಅಷ್ಟಾಗಿ ನಾಟುವುದಿಲ್ಲ.

ಜಗಳೂರು ಕಡೆಯ ಒಬ್ಬ ತಾಯಿಗೆ ಬಸ್ಸು ದಾವಣಗೆರೆಯೊಳಗೆ ಬರುತ್ತಿದ್ದಂತೆ ವಾಕರಿಕೆ ಶುರುವಾಗುತ್ತಿತ್ತು. "ಅಮ್ಮಾ, ಮೊದಲನೇ ಸಲ ಎಷ್ಟು ವಾಂತಿ ಆಗಿತ್ತು?" ಅಂದೆ. "ಆರೇಳು ಸಲ ಆತ್ರಿ. ಎಲ್ರಿಗೂ ಆಗ್ತದಂತಲ್ರೀ, ಅದ್ಕೇ ಹೇಳ್ಲಿಲ್ಲ."

ನನಗೆ ಸಂಕಟವಾಗುವುದು ಇಲ್ಲೇ. ಮೊದಲ ಸಲದ ವಾಂತಿಯನ್ನು ತಡೆದರೆ ಈ ಗಂಟು ಬೀಳುವ ಸಾಧ್ಯತೆಯೇ ಕಡಿಮೆ. ಅದಕ್ಕೆ ಬೇಕಾದ ಓಲಾಂಜಪಿನ್, ಡೆಕ್ಸಾಮೆಥಾಸೋನ್, ಅಪ್ರೆಪಿಟೆಂಟ್ ಔಷಧಿಗಳೆಲ್ಲ ಇಲ್ಲೇ ಸಿಗುತ್ತವೆ. ಯಾರಿಗೆ ಯಾವುದು, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರ್ ನಿರ್ಧರಿಸಬೇಕು. ಆದರೆ ವಾಂತಿಯಾಗಿದ್ದು ಅವರಿಗೆ ಗೊತ್ತಾಗಬೇಕಲ್ವಾ? ಮನೆಗೆ ಹೋದ ರಾತ್ರಿಯೇ ಫೋನ್ ಮಾಡಿ. ಎರಡು ಸಲ ಆದರೂ ಹೇಳಿ.

ಎಲ್ಲಿಂದಲೋ ಗಾಂಜಾ ತಂದು ಸೇದಿಸಬೇಡಿ. ಕೀಮೋದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುತ್ತವೆ. ಸೊಪ್ಪಿನಲ್ಲಿರುವ ಬೂಷ್ಟು ಶ್ವಾಸಕೋಶಕ್ಕೆ ಹತ್ತಬಹುದು. ಕಾನೂನಿನ ತೊಂದರೆ ಬೇರೆ.

ಆ ತಾಯಿಗೆ ಕೀಮೋದ ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಆತಂಕ ತಗ್ಗಿಸುವ ಲೊರಾಜೆಪಾಮ್ ಸಣ್ಣ ಪ್ರಮಾಣದಲ್ಲಿ ಕೊಟ್ಟೆವು. ಅದರಿಂದ ತೂಕಡಿಕೆ ಬರುತ್ತದೆ, ವಯಸ್ಸಾದವರು ಬೀಳಬಹುದು. ಹಾಗಾಗಿ ಮಗ ಕೈಹಿಡಿದು ಕರೆತಂದ. ಉಸಿರು ನಿಧಾನ ಮಾಡಿ ಮೈ ಸಡಿಲ ಬಿಡುವುದನ್ನು ಸಿಸ್ಟರ್ ಕಲಿಸಿದರು. ಹಾಸಿಗೆಯನ್ನು ಕಿಟಕಿ ಪಕ್ಕಕ್ಕೆ ಹಾಕಿಸಿದೆವು. ವಾಕರಿಕೆ ಪೂರ್ತಿ ಹೋಗಲಿಲ್ಲ. ಆದರೆ ಡ್ರಿಪ್ ಮುಗಿಯುವವರೆಗೂ ವಾಂತಿಯಾಗಲಿಲ್ಲ.

ಇನ್ನೊಂದು ಮಾತು. ಮೊದಲ ಕೀಮೋ ದಿನ ಅಮ್ಮನಿಗೆ ಇಷ್ಟ ಅಂತ ಮಗ ಬೆಣ್ಣೆ ದೋಸೆ ತಿನ್ನಿಸಿದ್ದ. ಈಗ ಅದರ ವಾಸನೆಯೂ ಆಗುವುದಿಲ್ಲ. ಕೀಮೋ ದಿನ ಇಷ್ಟದ ತಿಂಡಿ ಕೊಡಬೇಡಿ, ಸಪ್ಪೆ ಗಂಜಿಯೋ ಇಡ್ಲಿಯೋ ಸಾಕು. ದೋಸೆ ಚಿಕಿತ್ಸೆಯೆಲ್ಲ ಮುಗಿದ ಮೇಲೆ ಇರಲಿ.