ಕೊಟ್ಟ ಹೆಣ್ಣು ದೇಶಕ್ಕೆ ಹೊರಗು

1913ರ ಜನವರಿಯಲ್ಲಿ ಎಥೆಲ್ ಮೆಕೆಂಜಿ ಎಂಬ ಮಹಿಳೆ ಸ್ಯಾನ್ ಫ್ರಾನ್ಸಿಸ್ಕೋದ ಚುನಾವಣಾ ಕಚೇರಿಗೆ ಹೋಗಿ, ಮತದಾರರ ಪಟ್ಟಿಗೆ ತಮ್ಮ ಹೆಸರು ಸೇರಿಸಿ ಎಂದು ಕೇಳಿದರು. ಅವರು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಮದುವೆಯಾದ ಮೇಲೂ ಸಂಸಾರ ಹೂಡಿದ್ದು ಅಲ್ಲಿಯೇ. ಹೆಂಗಸರಿಗೂ ಮತದ ಹಕ್ಕು ಬೇಕೆಂದು ಓಡಾಡಿದವರಲ್ಲಿ ಅವರೂ ಒಬ್ಬರು, ಮತ್ತು 1911ರಲ್ಲಿ ಆ ರಾಜ್ಯ ಹಕ್ಕನ್ನು ಕೊಟ್ಟೂ ಆಗಿತ್ತು. ಆದರೂ ಅಧಿಕಾರಿಗಳು ಆಗುವುದಿಲ್ಲ ಎಂದರು. 1909ರಲ್ಲಿ ಅವರು ಕೈಹಿಡಿದ ಗಾರ್ಡನ್ ಮೆಕೆಂಜಿ ಎಂಬ ಗಾಯಕ ಸ್ಕಾಟ್ಲೆಂಡಿನವರು, ಬ್ರಿಟಿಷ್ ಪ್ರಜೆ. ಹಾಗಾಗಿ ಎಥೆಲ್ ಕೂಡ ಬ್ರಿಟಿಷ್ ಪ್ರಜೆ, ಅಮೆರಿಕದವರಲ್ಲ. ಗಂಡ ಅಮೆರಿಕದ ಪೌರತ್ವ ಪಡೆದರೆ ನಿಮಗೂ ಬರುತ್ತದೆ ಎಂಬುದು ಅವರಿಗೆ ಸಿಕ್ಕ ಸಮಾಧಾನ. ತನ್ನದೇ ಆದದ್ದನ್ನು ಗಂಡನ ಮೂಲಕ ಬೇಡಿ ಪಡೆಯಲು ಒಪ್ಪದೆ ಅವರು ನ್ಯಾಯಾಲಯದ ಮೆಟ್ಟಿಲೇರಿದರು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆಯನ್ನು ಕೇಳಿಯೂ ಇರದ ದೇಶಗಳು ಅದನ್ನೇ ಕಾನೂನು ಮಾಡಿ, ಕುಲದ ಜಾಗದಲ್ಲಿ ದೇಶವನ್ನು ಇಟ್ಟಿದ್ದವು. ಪೌರತ್ವ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ವಿವರಿಸುವಾಗ ಹುಟ್ಟಿದ ನೆಲ, ಹೆತ್ತವರ ವಂಶ, ಅರ್ಜಿ ಹಾಕಿ ಪಡೆಯುವ ದೇಶೀಕರಣ ಎಂಬ ಮೂರು ದಾರಿಗಳನ್ನು ಹೇಳುವುದು ರೂಢಿ. ತಾಳಿಯೋ ಉಂಗುರವೋ ಪೌರತ್ವವನ್ನು ಕಿತ್ತುಕೊಂಡ ಚರಿತ್ರೆ ಆ ವಿವರಣೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಅಷ್ಟು ಚಿಕ್ಕ ಜಾಗ ಸಾಲದು ಎಂಬುದು ನನ್ನ ತಕರಾರು.

ಇದು ಅನಾದಿಯಿಂದ ಬಂದ ಪದ್ಧತಿ ಎಂದುಕೊಂಡರೆ ತಪ್ಪಾಗುತ್ತದೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ರಾಜನಿಗೆ ಹುಟ್ಟಿನಿಂದ ಸಲ್ಲುವ ನಿಷ್ಠೆಯನ್ನು ಮದುವೆ ಅಳಿಸುತ್ತಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1830ರಲ್ಲಿ, ಪರದೇಶದವನನ್ನು ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಹುಟ್ಟುನಿಷ್ಠೆ ಕಳಚಿಹೋಗದು ಎಂದಿತ್ತು. ಹೊಸ ದಾರಿ ತೋರಿಸಿದ್ದು ಫ್ರಾನ್ಸಿನ 1804ರ ನಾಗರಿಕ ಸಂಹಿತೆ. ಫ್ರೆಂಚ್ ಗಂಡಸನ್ನು ವರಿಸಿದ ಪರದೇಶದ ಹೆಣ್ಣು ಫ್ರೆಂಚಳು, ಪರದೇಶದವನನ್ನು ವರಿಸಿದ ಫ್ರೆಂಚ್ ಹೆಣ್ಣು ಪರದೇಶದವಳು ಎಂದು ಅದು ವಿಧಿಸಿತು. ಒಂದು ಮನೆಗೆ ಒಬ್ಬನೇ ಯಜಮಾನ, ಒಂದೇ ದೇಶ ಎಂಬ ಲೆಕ್ಕ ಆಳುವವರಿಗೆ ಅನುಕೂಲವಾಗಿತ್ತು. ಯುರೋಪಿನ ದೇಶಗಳು ಒಂದೊಂದಾಗಿ ಅದನ್ನು ಅಳವಡಿಸಿಕೊಂಡವು. ಬ್ರಿಟನ್ 1844ರಲ್ಲಿ ಅರ್ಧ ದಾರಿ ಬಂದು ಸೊಸೆಯರನ್ನು ಒಳಗೆ ಕರೆದುಕೊಂಡಿತು, 1870ರಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಕಳಿಸಿತು. ಅಮೆರಿಕ 1907ರ ಕಾಯ್ದೆಯಲ್ಲಿ, ಪರದೇಶದವನನ್ನು ಮದುವೆಯಾದವಳಿಗೆ ಗಂಡನ ರಾಷ್ಟ್ರೀಯತೆಯೇ ಗತಿ ಎಂದು ಬರೆದಿಟ್ಟಿತು. ಎಥೆಲ್ ಸಿಕ್ಕಿಬಿದ್ದದ್ದು ಈ ಬಲೆಯಲ್ಲಿ.

1915ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಗಂಡ ಹೆಂಡಿರು ಒಂದೇ ಎಂಬುದು ಪ್ರಾಚೀನ ತತ್ವ ಎಂದ ನ್ಯಾಯಾಲಯ, ಪರಿಣಾಮ ತಿಳಿದೂ ಮದುವೆಯಾದದ್ದು ಸ್ವಇಚ್ಛೆಯಿಂದ ದೇಶ ತೊರೆದಂತೆ ಎಂದಿತು. ಒಂದು ದಿನವೂ ದೇಶ ಬಿಡಲು ಬಯಸದ ಹೆಣ್ಣಿಗೆ, ನೀನೇ ಬಿಟ್ಟೆಯಲ್ಲ ಎಂದು ಹೇಳಿದ ತೀರ್ಪು ಅದು. ಇಂದು ಓದಿದರೂ ನನಗೆ ಸಂಕಟವಾಗುತ್ತದೆ.

ಯುದ್ಧ ಬಂದಾಗ ಈ ನಿಯಮದ ಕ್ರೌರ್ಯ ಬಯಲಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದು ಜರ್ಮನ್ ಗಂಡಸರನ್ನು ಮದುವೆಯಾಗಿದ್ದ ಹೆಂಗಸರು ರಾತ್ರಿ ಬೆಳಗಾಗುವುದರೊಳಗೆ ಶತ್ರುದೇಶದವರಾದರು, ಪೊಲೀಸರ ಬಳಿ ಹೆಸರು ನೋಂದಾಯಿಸಬೇಕಾಯಿತು.

ಅಮೆರಿಕದ ಹೆಂಗಸರು ದೇಶದಾದ್ಯಂತ ಮತದ ಹಕ್ಕನ್ನು ಪಡೆದ ಎರಡು ವರ್ಷಕ್ಕೆ, 1922ರಲ್ಲಿ, ಕೇಬಲ್ ಕಾಯ್ದೆ ಬಂದು 1907ರ ನಿಯಮವನ್ನು ಸಡಿಲಿಸಿತು. ಪೂರ್ತಿ ತೆಗೆಯಲಿಲ್ಲ. ಅಮೆರಿಕದ ಪೌರತ್ವಕ್ಕೆ ಅರ್ಹನಲ್ಲದ ಪರದೇಶದವನನ್ನು, ಎಂದರೆ ಮುಖ್ಯವಾಗಿ ಏಷ್ಯಾದವನನ್ನು, ಮದುವೆಯಾದವಳು ಆಗಲೂ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅರ್ಹರಲ್ಲ ಎಂದು ಅದೇ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಹೇಳಿತು. ಮರುವರ್ಷ ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ಮದುವೆಯಾದ ಅಮೆರಿಕದ ಮೇರಿ, ಹುಟ್ಟಿದ ನೆಲದಲ್ಲೇ ಯಾವ ದೇಶಕ್ಕೂ ಸೇರದವರಾದರು. ಜನಾಂಗದ ಈ ಷರತ್ತು 1931ರವರೆಗೆ ಉಳಿಯಿತು.

ಕಾಯ್ದೆ ಸಡಿಲವಾದ ಮೇಲೂ ಹಳೆಯ ಮದುವೆ ಬೆನ್ನು ಬಿಡಲಿಲ್ಲ ಎಂಬುದಕ್ಕೆ ರೂತ್ ಬ್ರಯನ್ ಓವೆನ್ ಸಾಕ್ಷಿ. ಮೂರು ಬಾರಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರ ಮಗಳಾದ ಈಕೆ 1910ರಲ್ಲಿ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾಗಿ ಪೌರತ್ವ ಕಳೆದುಕೊಂಡವರು, 1925ರಲ್ಲಿ ಮರಳಿ ಪಡೆದವರು. 1928ರಲ್ಲಿ ಫ್ಲಾರಿಡಾದಿಂದ ಸಂಸತ್ತಿನ ಕೆಳಮನೆಗೆ ಗೆದ್ದರು. ಸೋತ ಎದುರಾಳಿ ಸಂವಿಧಾನವನ್ನು ಮುಂದೆ ಹಿಡಿದ: ಸದಸ್ಯರಾಗಲು ಏಳು ವರ್ಷದ ಪೌರತ್ವ ಬೇಕು, ಈಕೆಗೆ ಆಗಿರುವುದು ಮೂರೇ. ಓವೆನ್ ಸದನದ ಸಮಿತಿಯ ಮುಂದೆ ತಾವೇ ನಿಂತು ವಾದಿಸಿದರು, ಸ್ಥಾನ ಉಳಿಸಿಕೊಂಡರು. ಇಂಥ ತಂದೆಯ ಮಗಳಿಗೇ ಈ ಪಾಡಾದರೆ ಹೆಸರಿಲ್ಲದವರ ಗತಿ ಏನಾಗಿದ್ದೀತು?

1930ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರೀಯತೆಯ ಕಾನೂನುಗಳನ್ನು ಹೊಂದಿಸಲು ದೇಶಗಳು ಸಭೆ ಸೇರಿದಾಗ ಮಹಿಳಾ ಸಂಘಟನೆಗಳು ಅಲ್ಲಿಗೂ ಹೋಗಿ ಪ್ರತಿಭಟಿಸಿದವು. ಒಪ್ಪಂದ ಮಾತ್ರ ಹೆಂಡತಿ ಯಾವ ದೇಶಕ್ಕೂ ಸೇರದಂತಾಗುವುದನ್ನು ತಪ್ಪಿಸುವಲ್ಲಿಗೆ ನಿಂತಿತು, ಸಮಾನತೆಯ ಮಾತಿಲ್ಲ. ಆ ಮಾತನ್ನು ಮೊದಲು ಆಡಿದ್ದು 1933ರಲ್ಲಿ ಮಾಂಟೆವಿಡಿಯೋದಲ್ಲಿ ಸೇರಿದ ಅಮೆರಿಕ ಖಂಡಗಳ ದೇಶಗಳು. ಬ್ರಿಟನ್ 1948ರ ಕಾಯ್ದೆಯಲ್ಲಿ ಮಣಿಯಿತು. 1957ರಲ್ಲಿ ವಿಶ್ವಸಂಸ್ಥೆ, ಮದುವೆಯಾಗಲಿ ವಿಚ್ಛೇದನವಾಗಲಿ ಹೆಂಡತಿಯ ರಾಷ್ಟ್ರೀಯತೆಯನ್ನು ತಾನೇ ತಾನಾಗಿ ಬದಲಿಸಬಾರದು ಎಂಬ ಒಪ್ಪಂದ ತಂದಿತು.

ಅಲ್ಲಿಗೆ ಹೆಣ್ಣಿನ ಪೌರತ್ವ ಅವಳ ಬಳಿ ಉಳಿಯಿತು. ಅದನ್ನು ಮಕ್ಕಳಿಗೆ ಕೊಡುವ ಅಧಿಕಾರ ಮಾತ್ರ ಗಂಡಸಿನಲ್ಲೇ ಉಳಿದಿತ್ತು. ಬ್ರಿಟಿಷ್ ತಾಯಿ ಹೊರದೇಶದಲ್ಲಿ ಹೆತ್ತ ಮಗುವಿಗೆ ತಂದೆಯಂತೆಯೇ ತನ್ನ ಪೌರತ್ವ ದಾಟಿಸಲು 1983ರವರೆಗೆ ಕಾಯಬೇಕಾಯಿತು. ಭಾರತದ 1955ರ ಕಾಯ್ದೆಯಲ್ಲೂ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯಿಂದ ಮಾತ್ರ ಪೌರತ್ವ ಬರುತ್ತಿತ್ತು. ತಾಯಿಯ ಹೆಸರು ಅಲ್ಲಿ ಸೇರಿದ್ದು 1992ರ ತಿದ್ದುಪಡಿಯಲ್ಲಿ.

ಬೋಟ್ಸ್ವಾನಾದ ವಕೀಲೆ ಯೂನಿಟಿ ಡೌ ಅವರ ಮನೆಯನ್ನೇ ನೋಡಿ. ಅಮೆರಿಕದ ಗಂಡ, ಮೂವರು ಮಕ್ಕಳು, ಎಲ್ಲರ ವಾಸ ಬೋಟ್ಸ್ವಾನಾದಲ್ಲಿ. ಮದುವೆಗೆ ಮುಂಚೆ ಹುಟ್ಟಿದ ಮಗುವಿಗೆ ತಾಯಿಯ ಪೌರತ್ವವಿತ್ತು. ಮದುವೆಯ ನಂತರ ಹುಟ್ಟಿದ ಇಬ್ಬರಿಗೆ 1984ರ ಕಾಯ್ದೆಯಂತೆ ಇರಲಿಲ್ಲ. ಒಂದೇ ತಾಯಿ, ಒಂದೇ ತಂದೆ, ಒಂದೇ ಸೂರು. ನಡುವೆ ಬಂದದ್ದು ಮದುವೆಯೊಂದೇ. ಡೌ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿ 1991ರಲ್ಲಿ ಗೆದ್ದರು, 1992ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. 1995ರಲ್ಲಿ ಕಾಯ್ದೆ ಬದಲಾಯಿತು. ಕೆಲವೇ ವರ್ಷಗಳಲ್ಲಿ ಅವರು ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯೂ ಆದರು. ಮುಂದೆ ಈಜಿಪ್ಟ್ 2004ರಲ್ಲಿ, ಮೊರಾಕೊ 2007ರಲ್ಲಿ, ಸೆನೆಗಲ್ 2013ರಲ್ಲಿ ತಾಯಂದಿರಿಗೆ ಈ ಹಕ್ಕು ಕೊಟ್ಟವು.

ಇಂದಿಗೂ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ತಾಯಿಗೆ ತಂದೆಯಷ್ಟು ಅಧಿಕಾರವಿಲ್ಲ. ಕುವೈತ್, ಕತಾರ್, ಜೋರ್ಡನ್ ಆ ಸಾಲಿನಲ್ಲಿವೆ. ಲೆಬನಾನಿನದು ಇನ್ನೂ ವಿಚಿತ್ರ. ಅಲ್ಲಿನ ರಾಷ್ಟ್ರೀಯತೆಯ ಕಾನೂನು 1925ರದು, ಫ್ರಾನ್ಸಿನ ಆಡಳಿತದ ಕಾಲದ್ದು. ಎರಡೇ ವರ್ಷದಲ್ಲಿ, 1927ರಲ್ಲಿ, ಫ್ರಾನ್ಸ್ ತನ್ನ ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ನಿಯಮವನ್ನು ಕೈಬಿಟ್ಟಿತು. ಲೆಬನಾನಿನಲ್ಲಿ ತಂದೆಯಿಂದಲೇ ಪೌರತ್ವ ಎಂಬ ಸಾಲು ಹಾಗೆಯೇ ನಿಂತಿದೆ. ಪರದೇಶದವನನ್ನು ಮದುವೆಯಾದ ಲೆಬನಾನಿನ ತಾಯಿ, ತಾನು ಹೆತ್ತ ಮಕ್ಕಳು ತನ್ನದೇ ಊರಿನಲ್ಲಿ ತನ್ನೊಡನೆ ಇರುವುದಕ್ಕೆ ವಾಸದ ಪರವಾನಗಿ ಮಾಡಿಸಬೇಕು. ಅವಧಿ ಮುಗಿದಾಗಲೆಲ್ಲ ಮತ್ತೆ ಅರ್ಜಿ ಹಿಡಿದು ಹೋಗಬೇಕು.