ಕಾಗದದ ಗಿಟಾರ್ ಮತ್ತು ಬೀಟೆ ಮರದ ಭ್ರಮೆ

ಗಿಟಾರ್ ಮಾಡಿಸಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಮರ ಅಂತ. ಬ್ರೆಜಿಲ್ ಬೀಟೆಯೋ, ಭಾರತದ ಬೀಟೆಯೋ, ಮಹಾಗನಿಯೋ? ಆಮೇಲೆ ಇನ್ನೊಂದು ಪ್ರಶ್ನೆ. ಹತ್ತಿರದಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡು ಆರ್ಡರ್ ಮೇಲೆ ಮಾಡಿಕೊಡುವವರ ಬಳಿ ಹೋಗೋದಾ, ಹೆಸರಾಂತ ಲೂಥಿಯರ್ (ಕೈಯಲ್ಲೇ ಗಿಟಾರ್ ಮಾಡುವ ಕುಶಲಕರ್ಮಿ) ಬಳಿ ಹಲವು ಪಟ್ಟು ದುಡ್ಡು ಕೊಟ್ಟು ವರ್ಷಗಟ್ಟಲೆ ಕಾಯೋದಾ? ಎರಡನೆಯ ಪ್ರಶ್ನೆ ಒಳ್ಳೆಯದೇ. ಆದರೆ ಜನ ಅದಕ್ಕೆ ಉತ್ತರವನ್ನು ಮೊದಲನೆಯದರಲ್ಲೇ ಹುಡುಕುತ್ತಾರೆ. ‘ಅವರ ಹತ್ತಿರ ಹಳೇ ಮರದ ದಾಸ್ತಾನು ಇದೆ, ಅದಕ್ಕೇ ಆ ನಾದ’ ಅಂದುಬಿಟ್ಟರೆ ಮಾತು ಮುಗಿಯಿತು. ನನಗೆ ರೇಗುವುದು ಇಲ್ಲೇ.

ಈ ನಂಬಿಕೆಗೆ 1862ರಲ್ಲೇ ಏಟು ಬಿದ್ದಿತ್ತು. ಸ್ಪೇನಿನ ಆಂತೋನಿಯೊ ದೆ ತೋರೆಸ್ ಆ ವರ್ಷ ಒಂದು ವಿಚಿತ್ರ ಗಿಟಾರ್ ಮಾಡಿದ. ಅದರ ಬೆನ್ನು ಮತ್ತು ಪಕ್ಕೆ ಮರದ್ದಲ್ಲ, ಕಾಗದಕ್ಕೆ ಅಂಟು ಹಾಕಿ ಒತ್ತಿದ ರಟ್ಟು. ಮೇಲ್ಹಲಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಮರ. ತೋರೆಸ್ ಸಾಮಾನ್ಯ ಮನುಷ್ಯನಲ್ಲ. ಇವತ್ತಿನ ಕ್ಲಾಸಿಕಲ್ ಗಿಟಾರಿನ ಆಕಾರ, ಅಳತೆ ಬಹುಪಾಲು ಅವನಿಂದಲೇ ಬಂದದ್ದು. ನಾದದ ಮುಖ್ಯ ಕೆಲಸ ಮೇಲ್ಹಲಗೆಯದು, ಬೆನ್ನು-ಪಕ್ಕೆಯ ಪಾತ್ರ ಚಿಕ್ಕದು ಅಂತ ತೋರಿಸಬೇಕಿತ್ತು ಅವನಿಗೆ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇದೊಂದೇ ಉದಾಹರಣೆ ಸಾಲದು ಅನ್ನುವವರಿಗೆ 2018ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಬ್ಬನೇ ತಯಾರಕನಿಂದ ಆರು ಗಿಟಾರ್ ಮಾಡಿಸಿದರು. ವಿನ್ಯಾಸ ಒಂದೇ. ಬೆನ್ನು-ಪಕ್ಕೆಯ ಮರ ಮಾತ್ರ ಬೇರೆ ಬೇರೆ: ಎರಡು ಬಗೆಯ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. 52 ಗಿಟಾರ್ ವಾದಕರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಮಂದ ಬೆಳಕಿನಲ್ಲಿ ಕೂರಿಸಿ ನುಡಿಸಲು ಕೊಟ್ಟರು. ಆರಕ್ಕೂ ಸಿಕ್ಕ ಅಂಕ ಹೆಚ್ಚುಕಡಿಮೆ ಒಂದೇ. ಅಗ್ಗದ ಮರ, ದುಬಾರಿ ಮರ ಅನ್ನುವ ಭೇದವನ್ನು ಕಿವಿ ಹಿಡಿಯಲಿಲ್ಲ. ಬ್ರೆಜಿಲ್ ಬೀಟೆ ಅಳಿವಿನ ಅಂಚಿಗೆ ಬಂದು 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಇದೆ. ಹೀಗಿದ್ದೂ ಅದೇ ಬೇಕು ಅಂತ ಹಟ ಹಿಡಿಯುವವರು ಕಣ್ಣಿಗಾಗಿ ಹಿಡಿಯಲಿ, ಕಿವಿಯ ಹೆಸರು ಹೇಳುವುದು ಬೇಡ.

ಹಾಗಾದರೆ ಉಸ್ತಾದ್ ತಯಾರಕನ ಕೈಚಳಕ ಎಲ್ಲಿದೆ? ಮೇಲ್ಹಲಗೆಯಲ್ಲಿ. ಸ್ವಲ್ಪ ವಿವರವಾಗಿ ನೋಡೋಣ, ನನಗೆ ಇದೇ ಬಲು ಇಷ್ಟದ ಭಾಗ.

ತಂತಿ ತಾನಾಗಿ ಏನೂ ಸದ್ದು ಮಾಡುವುದಿಲ್ಲ ಅಂದರೂ ನಡೆಯುತ್ತದೆ. ಅಷ್ಟು ತೆಳ್ಳನೆಯ ವಸ್ತು ಗಾಳಿಯನ್ನು ಎಷ್ಟು ತಳ್ಳೀತು? ಅದರ ಅಲುಗಾಟ ಬ್ರಿಜ್ (ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ಆ ಹಲಗೆ ಗಾಳಿಯನ್ನು ತಳ್ಳುತ್ತದೆ. ಪೆಟ್ಟಿಗೆಯೊಳಗಿನ ಗಾಳಿಗೆ 100 ಹರ್ಟ್ಜ್ ಆಸುಪಾಸಿನಲ್ಲಿ ತನ್ನದೇ ಅನುರಣನ. ಹಲಗೆಯದು ಸುಮಾರು 200ರ ಹತ್ತಿರ. ಇವೆರಡೂ ಒಂದನ್ನೊಂದು ಎಳೆದಾಡುತ್ತವೆ. ತಗ್ಗಿನ ಸ್ವರಗಳು ತುಂಬಿ ಬರುತ್ತವೋ ಪೊಳ್ಳಾಗುತ್ತವೋ ಅನ್ನುವುದು ಹೆಚ್ಚಾಗಿ ಈ ಎಳೆದಾಟದಿಂದಲೇ ತೀರ್ಮಾನವಾಗುತ್ತದೆ.

ಹಲಗೆ ತೆಳ್ಳಗಾದಷ್ಟೂ ಸುಲಭವಾಗಿ ಅಲುಗುತ್ತದೆ, ಸದ್ದು ಜಾಸ್ತಿ. ಆದರೆ ತಂತಿಗಳು ಎಲ್ಲಾ ಸೇರಿ ಅದನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ನೈಲಾನ್ ತಂತಿಯಾದರೆ ಸುಮಾರು 40 ಕಿಲೋ ತೂಕದಷ್ಟು, ಉಕ್ಕಿನದಾದರೆ 70 ಕಿಲೋ ದಾಟುತ್ತದೆ. ತೀರಾ ತೆಳ್ಳಗೆ ಮಾಡಿದರೆ ಹೊಟ್ಟೆ ಉಬ್ಬುತ್ತದೆ, ನಾದ ಬೇಗ ಸಾಯುತ್ತದೆ. ಈ ಹಗ್ಗಜಗ್ಗಾಟದ ಮಧ್ಯೆ ಗಣಿತ ಒಂದು ಕೀಟಲೆ ಮಾಡುತ್ತದೆ. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. 2.5 ಮಿಮೀ ಇದ್ದದ್ದನ್ನು 2.25ಕ್ಕೆ ಇಳಿಸಿದಿರಿ ಅನ್ನಿ. ಹೋದದ್ದು ಕಾಲು ಮಿಲಿಮೀಟರ್. ತೂಕ ಕಡಿಮೆಯಾದದ್ದು ಶೇಕಡಾ 10. ಆದರೆ ಬಿಗುವು ಶೇಕಡಾ 27ರಷ್ಟು ಮಾಯ! ಕೀಸುಳಿಯ ಕೆಲವೇ ಎಳೆತಗಳಲ್ಲಿ ಗಿಟಾರಿನ ಸ್ವಭಾವವೇ ಬದಲಾಗುತ್ತದೆ.

ಅದರ ಮೇಲೆ, ಒಂದೇ ಜಾತಿಯ ಎರಡು ಸ್ಪ್ರೂಸ್ ಹಲಗೆಗಳ ಬಿಗುವು ಒಂದೇ ಇರುವುದಿಲ್ಲ. ಕಾರ್ಖಾನೆ ಎಲ್ಲವನ್ನೂ ಒಂದೇ ದಪ್ಪಕ್ಕೆ ಕೀಸುತ್ತದೆ. ಸಣಕಲನಿಗೂ ದಢೂತಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ. ಪಳಗಿದ ಲೂಥಿಯರ್ ದಪ್ಪ ನೋಡಿ ನಿಲ್ಲಿಸುವುದಿಲ್ಲ. ಬಾಗಿಸಿ, ಬೆರಳಲ್ಲಿ ತಟ್ಟಿ ಕೇಳಿ, ಸಾಕು ಅನ್ನಿಸಿದಾಗ ನಿಲ್ಲಿಸುತ್ತಾನೆ. ತನ್ನ ಗುಟ್ಟು ಹೆಬ್ಬೆರಳು-ತೋರುಬೆರಳ ತುದಿಯಲ್ಲಿದೆ, ಅದು ತನ್ನ ಜೊತೆಗೇ ಹೋಗುತ್ತದೆ ಅಂತ ತೋರೆಸ್ ಹೇಳುತ್ತಿದ್ದನಂತೆ.

ಆದರೆ ಅದು ಅವನ ಜೊತೆ ಪೂರ್ತಿ ಹೋಗಲಿಲ್ಲ. ಇವತ್ತು ಹಲಗೆಯ ಮೇಲೆ ತೂಕ ಇಟ್ಟು ಎಷ್ಟು ಬಾಗುತ್ತದೆ ಅಂತ ಅಳೆಯಬಹುದು. ತಟ್ಟಿದ ಸದ್ದನ್ನು ಮೊಬೈಲ್ ಮೈಕಿನಲ್ಲಿ ಹಿಡಿದು ಯಾವ ಆವರ್ತನ ಎಷ್ಟಿದೆ ಅಂತ ಪರದೆಯ ಮೇಲೆ ನೋಡಬಹುದು. ಹೆಸರಿಲ್ಲದ ತಯಾರಕನಿಗೂ ಇದು ಎಟಕುತ್ತದೆ. ಅಳತೆ ಮಾಡುವವನು ದೊಡ್ಡವರ ಹತ್ತಿರಕ್ಕೆ ಬೇಗ ಬರುತ್ತಾನೆ, ಪೂರ್ತಿ ಅಲ್ಲದಿದ್ದರೂ.

ಹರ್ಮನ್ ಹೌಸರ್ ಕಥೆ ನೋಡಿ. ಮ್ಯೂನಿಕ್ಕಿನ ಈತ ಗಿಟಾರ್ ಜೊತೆಗೆ ಜಿದರ್ ವಾದ್ಯಗಳನ್ನೂ ಮಾಡುತ್ತಿದ್ದವ. 1924ರಲ್ಲಿ ಸ್ಪೇನಿನ ಪ್ರಸಿದ್ಧ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಅಲ್ಲಿಗೆ ಬಂದಾಗ ಅವನ ಸ್ಪ್ಯಾನಿಷ್ ಗಿಟಾರನ್ನು ಹೌಸರ್ ಕೂಲಂಕಷವಾಗಿ ಪರೀಕ್ಷಿಸಿದ. ಆಮೇಲೆ ಮಾಡಿ ಮಾಡಿ ತೋರಿಸಿದ. ಸೆಗೋವಿಯಾ ಪೂರ್ತಿ ಒಪ್ಪಿದ್ದು 1937ರ ಗಿಟಾರನ್ನು. ಅದೀಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ನಡುವೆ 13 ವರ್ಷ. ಅಷ್ಟೂ ಕಾಲ ಆತನ ಕೈಗೆ ಒಂದು ಕಟುವಾದ ಕಿವಿ ತಪ್ಪು ಹೇಳುತ್ತಲೇ ಇತ್ತು. ಇಂಥ ಕಿವಿ ಸಿಗದ ಸಣ್ಣ ತಯಾರಕರೇ ಜಾಸ್ತಿ. ಗೆಳೆಯರು ಹೊಗಳುತ್ತಾರೆ, ಗಿರಾಕಿ ಹೊಸ ಗಿಟಾರಿನ ಖುಷಿಯಲ್ಲಿರುತ್ತಾನೆ, ತಪ್ಪು ಹಾಗೇ ಮುಂದಿನ ಗಿಟಾರಿಗೂ ದಾಟುತ್ತದೆ.

ಫ್ರೆಟ್‌ಗಳ (ಸ್ವರಕ್ಕಾಗಿ ತಂತಿ ಒತ್ತುವ ಕಡೆ ಕತ್ತಿಗೆಯಲ್ಲಿ ಕೂರಿಸುವ ಅಡ್ಡಪಟ್ಟಿ) ವಿಷಯದಲ್ಲಿ ಮಾತ್ರ ದೊಡ್ಡ ಲೂಥಿಯರ್‌ಗೂ ಸಣ್ಣ ತಯಾರಕನಿಗೂ ವ್ಯತ್ಯಾಸ ಇರಲೇಬಾರದು. ವಿಜ್ಞಾನಿ ಗೆಲಿಲಿಯೊನ ಅಪ್ಪ ವಿನ್ಚೆಂಜೊ ಗೆಲಿಲಿ, ಲ್ಯೂಟ್ ಅನ್ನುವ ಹಳೇ ತಂತಿವಾದ್ಯದ ವಾದಕ. ಉಳಿದ ತಂತಿಯ ಉದ್ದವನ್ನು ಪ್ರತಿ ಸಲ 18ರಿಂದ ಭಾಗಿಸಿ, ಬಂದ ಒಂದು ಪಾಲಿನಷ್ಟು ದೂರಕ್ಕೆ ಮುಂದಿನ ಫ್ರೆಟ್ ಕೂರಿಸಿ ಅಂತ 1581ರಲ್ಲೇ ಬರೆದಿದ್ದ. ಸರಿಯಾದ ಸಂಖ್ಯೆ 17.817. ಹಳೇ ಲೆಕ್ಕ ಹಿಡಿದರೆ 650 ಮಿಮೀ ತಂತಿಯಲ್ಲಿ 12ನೇ ಫ್ರೆಟ್ ಸುಮಾರು 2.4 ಮಿಮೀ ತಪ್ಪುತ್ತದೆ. ತಂತಿ ಒತ್ತಿದಾಗ ಬಿಗಿಯಾಗಿ ಶ್ರುತಿ ತುಸು ಏರುವುದರಿಂದ ಆ ತಪ್ಪು ಒಂದಷ್ಟು ಮುಚ್ಚಿಹೋಗುತ್ತಿತ್ತು. ಇವತ್ತು ಸಂಖ್ಯೆ ಎಲ್ಲರಿಗೂ ಗೊತ್ತು, ಕೊರೆಯುವ ಅಚ್ಚೂ ಸಿಗುತ್ತದೆ. ಇದರಲ್ಲೂ ಎಡವುವವನಿಗೆ ರಿಯಾಯಿತಿ ಕೊಡಬೇಡಿ.

ಹೆಸರಿನ ಮಾಯೆ ಎಷ್ಟು? ಪಿಟೀಲಿನವರು ಇದನ್ನು ಪರೀಕ್ಷಿಸಿದ್ದಾರೆ. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ವಾದಕರು ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮೂರು ಹೊಸ, ಮೂರು ಹಳೇ ಇಟಾಲಿಯನ್ ಪಿಟೀಲು ನುಡಿಸಿದರು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು, ಜಗತ್ತೇ ಕೊಂಡಾಡುವ ಹಳೇ ತಯಾರಕ ಸ್ಟ್ರಾಡಿವೇರಿಯ ಒಂದು ಪಿಟೀಲು! ಆದರೆ ಇದನ್ನು ‘ಎಲ್ಲಾ ಒಂದೇ’ ಅಂತ ಓದಬೇಡಿ. ವಾದಕರಿಗೆ ಇಷ್ಟ, ಇಷ್ಟವಿಲ್ಲ ಎರಡೂ ಸ್ಪಷ್ಟವಾಗಿದ್ದವು. ಅದು ವಯಸ್ಸಿಗೂ ಹೆಸರಿಗೂ ಹೊಂದಲಿಲ್ಲ, ಅಷ್ಟೆ.

ದೊಡ್ಡ ಲೂಥಿಯರ್ ಮಾರುವುದು ಭರವಸೆಯನ್ನು. ಅವರ ಮುಂದಿನ ಗಿಟಾರ್ ಹೇಗಿರುತ್ತದೆ ಅಂತ ಹಿಂದಿನದನ್ನು ಕೇಳಿ ಹೇಳಬಹುದು. ಹತ್ತಿರದ ತಯಾರಕನ ಅತ್ಯುತ್ತಮ ಗಿಟಾರ್ ಅವರದಕ್ಕೆ ಸಾಟಿ ನಿಂತೀತು. ಆದರೆ ನಿಮಗೆ ಸಿಗುವುದು ಆ ಅತ್ಯುತ್ತಮದ್ದೇ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಆತ ಬೆನ್ನುಬೆನ್ನಿಗೆ ಮಾಡಿದ ಎರಡು ಗಿಟಾರ್‌ಗಳನ್ನು ನುಡಿಸಿ ನೋಡಿ. ಒಂದು ಮೊರೆಯುತ್ತಾ ಇನ್ನೊಂದು ಮುಗುಮ್ಮಾಗಿದ್ದರೆ, ಚೆನ್ನಾಗಿ ಬಂದದ್ದು ಅದೃಷ್ಟದಿಂದ. 12ನೇ ಫ್ರೆಟ್ ಒತ್ತಿ ಬಂದ ಸ್ವರವನ್ನು ಅಲ್ಲೇ ಒತ್ತದೆ ಬೆರಳು ಹಗುರವಾಗಿ ತಾಗಿಸಿ ಮೀಟಿದಾಗ ಬರುವ ಸ್ವರದ (ಹಾರ್ಮೋನಿಕ್) ಜೊತೆ ಹೋಲಿಸಿ. ಎರಡೂ ಒಂದೇ ಇರಬೇಕು. ಕೊನೆಗೆ ವರ್ಕ್‌ಶಾಪಿನ ಗೋಡೆ ನೋಡಿ, ತೇವಾಂಶ ಅಳೆಯುವ ಮೀಟರ್ ಇದೆಯಾ? ಮರ ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಒಳ್ಳೆಯವರು ಶೇಕಡಾ 45ರಿಂದ 50ರ ತೇವದಲ್ಲಿ ಹಲಗೆ ಅಂಟಿಸುತ್ತಾರೆ. ಮೀಟರೇ ಇಲ್ಲದ ಕಡೆ ಮುಂಗಡ ಕೊಡಬೇಡಿ.